ಮೂರನೆಯ ಸಲ ಬಿರಿದ ತಂಬೂರಿಯ ಬುರುಡೆ: ಕಾರ್ಬನ್ ಫೈಬರ್‌ನಲ್ಲಿ ಮಾಡಿಸಬಹುದೇ?

ಮಾಳಮಡ್ಡಿಯವಳು:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಹಾಡು ಕಲಿತವಳು, ಈಗ ಹನ್ನೊಂದು ವರ್ಷದಿಂದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ನನ್ನ ತಂಬೂರಿ ವಾದ್ಯ ತಯಾರಿಕೆಗೆ ಹೆಸರಾದ ಮಿರಜಿನದು. ನಾನು ಮೊದಲ ಕಚೇರಿ ಕೊಟ್ಟ ವರ್ಷ ಅಪ್ಪ ಮಿರಜಿಗೆ ಹೋಗಿ, ಎರಡು ದಿನ ಅಂಗಡಿಯಲ್ಲೇ ಕೂತು, ಜವಾರಿ, ಅಂದರೆ ತಂತಿಯ ಝೇಂಕಾರ, ಕೇಳಿ ಕೇಳಿ ಆರಿಸಿ ತಂದದ್ದು. ಮೊನ್ನೆ ಅದರ ಸೋರೆಬುರುಡೆ ಮೂರನೆಯ ಸಲ ಬಿರಿಯಿತು.

ಮೊದಲ ಸಲ ವಿಮಾನದ ಸಾಮಾನಿನ ಜೊತೆ ಬಂದಾಗ. ಎರಡನೆಯ ಸಲ ಒಂದು ಜನವರಿಯಲ್ಲಿ, ಹೀಟರ್ ಹಗಲು ರಾತ್ರಿ ಉರಿದು ಮನೆಯ ಗಾಳಿಯೆಲ್ಲ ಒಣಗಿ, ದಂಡಿ (ಉದ್ದನೆಯ ಮರದ ಕತ್ತು) ಬುರುಡೆಗೆ ಸೇರುವ ಜಾಗದಲ್ಲಿ ಅಂಟು ಬಿಟ್ಟು ಬಾಯಿ ಬಿರಿಯಿತು. ಈ ಸಲ ಯಾರೂ ಮುಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಪಕ್ಕದ ಕೋಣೆಯಿಂದ ಬೆತ್ತ ಮುರಿದಂಥ ಸದ್ದು ಬಂತು. ದೀಪ ಹಾಕಿ ನೋಡಿದರೆ ಬುರುಡೆಯ ಬಾಯಿ ಮುಚ್ಚುವ ಮರದ ಹಲಗೆ ತಬಲಿಯ ಅಂಚಿನಿಂದ ಬುರುಡೆಯ ಬೆನ್ನಿನ ಕಡೆಗೆ ಗೇಣುದ್ದದ ಬಿರುಕು. ಉಗುರು ಇಟ್ಟರೆ ಒಳಗೆ ಹೋಗುತ್ತದೆ. ಪಂಚಮದ ತಂತಿ ಮೀಟಿದರೆ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಬಡಿದು ಝರ್ ಎನ್ನುತ್ತವೆ. ಆ ಸದ್ದು ಕೇಳಲಾರದೆ ತಂತಿಗಳನ್ನೆಲ್ಲ ಸಡಿಲಿಸಿ ಮಂಚದ ಮೇಲೆ ಮಲಗಿಸಿದ್ದೇನೆ.

ಕಳೆದ ಬೇಸಿಗೆಯಲ್ಲಿ ಇಲ್ಲಿಯ ಉದ್ಯಾನವೊಂದರಲ್ಲಿ ಐರಿಷ್ ಜನಪದ ಸಂಗೀತದವರು ಕೂತಿದ್ದರು. ಒಬ್ಬರ ಕೈಯಲ್ಲಿ ಕಪ್ಪು ಬಣ್ಣದ ಬುಜುಕಿ ಎಂಬ ತಂತಿವಾದ್ಯ. ಮಳೆ ಹನಿಯಿತು. ಪಿಟೀಲಿನವರು ವಾದ್ಯ ಅಪ್ಪಿಕೊಂಡು ಮರದಡಿಗೆ ಓಡಿದರು. ಬುಜುಕಿಯವರು ತೋಳಿನಿಂದ ಒರೆಸಿಕೊಂಡು ಹಾಗೇ ಮುಂದುವರಿಸಿದರು. ಕೇಳಿದರೆ ಅದು ಕಾರ್ಬನ್ ಫೈಬರ್, ಐರ್ಲೆಂಡ್‌ನ ಡೊನೆಗಾಲ್‌ನ ಎಮರಾಲ್ಡ್ ಗಿಟಾರ್ಸ್ ಎಂಬಲ್ಲಿ ಮಾಡಿದ್ದು ಎಂದರು. ಜನಪದ ವಾದ್ಯಕ್ಕೆ ಅವರು ಮಾಡಿಕೊಳ್ಳಬಹುದಾದರೆ ನಮ್ಮ ತಂಬೂರಿಗೆ ಯಾಕಾಗದು? ತಿಳಿದವರು ದಯವಿಟ್ಟು ಹೇಳಿ.

ಗಾಂಧಿಬಜಾರಿನ ಕೇಳುಗ:
ಮೊಬೈಲಿನಲ್ಲಿ ತಂಬೂರಿ ಆಪ್ ಇದೆಯಲ್ಲ ಮೇಡಂ, ಅದನ್ನು ಹಾಕಿಕೊಂಡು ಹಾಡಿ. ಬಿರಿಯುವ ಚಿಂತೆಯೇ ಇಲ್ಲ.

ಮಾಳಮಡ್ಡಿಯವಳು:
ಆಪ್ ಇದೆ ಸರ್, ಅಡುಗೆ ಮಾಡುವಾಗ ಅದೇ ಹಾಕಿಕೊಳ್ಳುತ್ತೇನೆ. ಆದರೆ ಮಕ್ಕಳಿಗೆ ಪಾಠ ಹೇಳುವಾಗ ಮೊದಲ ದಿನ ನಾನು ಮಾಡಿಸುವ ಕೆಲಸ ಒಂದೇ: ತಂಬೂರಿಯ ಬೆನ್ನಿಗೆ ಕಿವಿ ಇಟ್ಟು ಕೂರಿಸಿ ಷಡ್ಜ ಮೀಟುತ್ತೇನೆ. ನಾದ ಮೂಳೆಯಲ್ಲಿ ಇಳಿಯಬೇಕು. ಮೊಬೈಲಿನ ಬೆನ್ನಿಗೆ ಕಿವಿ ಇಟ್ಟು ಅದನ್ನು ಕಲಿಸಲಾಗದು.

ಸಿಂಗಪುರದಿಂದ:
ನಿಮ್ಮದು ಒಣಹವೆಯ ಕಷ್ಟ, ನಮ್ಮದು ತೇವದ್ದು. ಇಲ್ಲಿ ನನ್ನ ವೀಣೆಯ ಬಿರಡೆಗಳು ಉಬ್ಬಿಕೊಂಡು ತಿರುಗುವುದೇ ಇಲ್ಲ. ಹೊಸ ವಸ್ತುವಿನಲ್ಲಿ ಮಾಡಿದರೆ ನನಗೂ ಒಂದು ಬೇಕು.

ಎಳೆಪದರ:
ನಾನು ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಹದಿನಾಲ್ಕು ವರ್ಷ ಕಾರ್ಬನ್ ಬಟ್ಟೆ ಹಾಸಿದವನು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕಾರ್ಬನ್ ಎಳೆ ಎಂದರೆ 5ರಿಂದ 7 ಮೈಕ್ರಾನ್ ದಪ್ಪದ ನೂಲು. ನಮ್ಮ ಕೂದಲಿನ ಹತ್ತರಲ್ಲೊಂದು ಪಾಲು ಇರಬಹುದು. ಅಂಥ ಸಾವಿರಾರು ಎಳೆಗಳನ್ನು ಸೇರಿಸಿ ಬಟ್ಟೆ ನೇಯುತ್ತಾರೆ. ಆ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ, ಅಚ್ಚಿನ ಮೇಲೆ ಪದರದ ಮೇಲೆ ಪದರ ಹಾಸಿ, ಚೀಲದಲ್ಲಿ ಮುಚ್ಚಿ ಗಾಳಿ ಎಳೆದು, ಬಿಸಿಯಲ್ಲಿ ಗಟ್ಟಿ ಮಾಡುತ್ತೇವೆ. ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಶೇ. 45ರಷ್ಟು ಇಂಥ ಪದರವಸ್ತುವೇ ಇದೆ. ನೀರು ಹೀರುವುದು ಅತ್ಯಲ್ಪ, ಬಿಸಿಗೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಕ್ಕನವರ ಮಿನಿಯಾಪೊಲಿಸ್ ಚಳಿ ಅದಕ್ಕೆ ಲೆಕ್ಕವೇ ಅಲ್ಲ.

ಆದರೆ ಎಚ್ಚರ. ಪಿಟೀಲಿನ ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರ ಘನ ಮೀಟರಿಗೆ 400ರಿಂದ 450 ಕಿಲೋ ತೂಗಿದರೆ ಕಾರ್ಬನ್ ಪದರ 1,500 ಕಿಲೋ ದಾಟುತ್ತದೆ. ಬಿಗಿತವಾದರೋ ಎಳೆಯ ಉದ್ದಕ್ಕೆ ಮರದ ಹತ್ತು ಪಟ್ಟು. ಹಾಗಾಗಿ ಮರದ ವಾದ್ಯದ ಅಳತೆಯನ್ನೇ ತೆಗೆದುಕೊಂಡು ಅದೇ ದಪ್ಪಕ್ಕೆ ಕಾರ್ಬನ್ ಹಾಸಿದರೆ ಸಿಗುವುದು ಮೂಕ ಕಲ್ಲು. ತುಂಬಾ ತೆಳುವಾಗಿ ಹಾಸಬೇಕು, ಎಲ್ಲಿ ಯಾವ ದಿಕ್ಕಿಗೆ ಎಳೆ ಓಡಬೇಕೆಂದು ಯೋಚಿಸಿ ಹಾಸಬೇಕು. ಮರದಲ್ಲಿ ನಾರಿನ ಉದ್ದಕ್ಕೆ ಒಂದು ಬಿಗಿ, ಅಡ್ಡಕ್ಕೆ ಅದರ ಹತ್ತರಲ್ಲೊಂದು ಪಾಲೂ ಇಲ್ಲದ ಬಿಗಿ. ಕಿವಿಗೆ ಹಿತವಾಗುವ ಮೆದುತನ ಅಲ್ಲಿಂದಲೂ ಬರುತ್ತದೆ. ಬಟ್ಟೆಯನ್ನು ಸುಮ್ಮನೆ ನಾಲ್ಕೂ ಕಡೆ ಒಂದೇ ಥರ ಹಾಸಿದರೆ ಆ ಗುಣ ಕಳೆದುಹೋಗುತ್ತದೆ.

ಹಿತ್ತಲ ಹಲಸು:
ಕಾರ್ಬನ್ ಅಂದರೆ ಕಲ್ಲಿದ್ದಲಿನಿಂದ ತೆಗೆದದ್ದಲ್ಲವೇ? ಅದು ದೇವರ ಮುಂದೆ ನುಡಿಸುವ ವಾದ್ಯಕ್ಕೆ ಯಾಕೋ ಸರಿ ಕಾಣಿಸುವುದಿಲ್ಲ.

ಎಳೆಪದರ:
ಕಲ್ಲಿದ್ದಲಿನಿಂದಲ್ಲ. ಬಹುಪಾಲು ಪಾಲಿಅಕ್ರಿಲೊನೈಟ್ರೈಲ್ ಎಂಬ ನೂಲಿನಿಂದ ಮಾಡುತ್ತಾರೆ. ಅಕ್ರಿಲಿಕ್ ಸ್ವೆಟರ್ ಹೆಣೆಯುವ ನೂಲು ಇದರದೇ ಜಾತಿ. ಅದನ್ನು ಗಾಳಿಯಾಡದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೇಲೆ ಕಾಯಿಸಿದರೆ ಇಂಗಾಲ ಮಾತ್ರ ಉಳಿಯುತ್ತದೆ.

ಮೇಣದ ಕೈ:
ದೇವರ ಮುಂದಿನ ಮಾತು ಬಂತಲ್ಲ, ಹಲಸಿನವರೇ, ಒಂದು ಸಂಗತಿ ಹೇಳುತ್ತೇನೆ. ನಾನು ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವವನು. ನಮ್ಮ ಅಜ್ಜನ ಕಾಲದಿಂದಲೂ ಮೆಟ್ಟಿಲು (ಸ್ವರ ಒತ್ತುವ ಲೋಹದ ಪಟ್ಟಿ) ಕೂರಿಸುವ ಮೇಣಕ್ಕೆ ಇದ್ದಿಲ ಪುಡಿ ಬೆರೆಸಿಯೇ ಕಾಯಿಸುತ್ತೇವೆ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲೂ ನಿಂತಿರುವುದು ಆ ಕಪ್ಪಿನ ಮೇಲೆಯೇ. ಇಂಗಾಲ ನಮ್ಮ ವಾದ್ಯಕ್ಕೆ ಪರಕೀಯವಲ್ಲ.

ಇನ್ನು ಸಿಂಗಪುರದವರಿಗೆ: ಇಡೀ ವೀಣೆಯನ್ನು ಕಾರ್ಬನ್‌ನಲ್ಲಿ ಮಾಡಿದರೂ ಮೇಣ ಮೇಣವೇ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಿಟ್ಟು ತಂದ ವೀಣೆಗಳು ನನ್ನ ಬಳಿ ಪ್ರತಿ ವರ್ಷ ಬರುತ್ತವೆ. ಮರಕ್ಕೆ ಏನೂ ಆಗಿರುವುದಿಲ್ಲ, ಮೆಟ್ಟಿಲುಗಳು ಮಾತ್ರ ಮೇಣದಲ್ಲಿ ಮುಳುಗಿ ಓರೆಯಾಗಿರುತ್ತವೆ. ಗಾಂಧಾರ ಒತ್ತಿದರೆ ಇನ್ನೇನೋ ಸ್ವರ. ಮತ್ತೆ ಮೇಣ ಕಾಯಿಸಿ, ಒಂದೊಂದೇ ಮೆಟ್ಟಿಲನ್ನು ಕಿವಿಗೆ ಸರಿಯಾಗಿ ಕೂರಿಸಬೇಕು. ಎರಡು ದಿನದ ಕೆಲಸ. ಮೈ ಬದಲಾಯಿಸಿದ ಮಾತ್ರಕ್ಕೆ ವಾದ್ಯದ ಎಲ್ಲ ರೋಗವೂ ಹೋಗುವುದಿಲ್ಲ.

ಸಿಂಗಪುರದಿಂದ:
ಬಿರಡೆಯ ಕಥೆ?

ಮೇಣದ ಕೈ:
ಬಿರಡೆ ತೆಗೆದು ಒಣ ಸಾಬೂನು ಸವರಿ ನೋಡಿ. ಆಗದಿದ್ದರೆ ನನಗೆ ಬಿಡಿಯಾಗಿ ಬರೆಯಿರಿ. ತೂತು ದೊಡ್ಡದು ಮಾಡಲು ಮಾತ್ರ ಹೋಗಬೇಡಿ.

ನಾದಬಿಂದು:
ಭೌತಶಾಸ್ತ್ರದ ಮೇಷ್ಟ್ರಾಗಿ ಒಂದು ಮಾತು. ತಂಬೂರಿಯ ಜೀವ ಇರುವುದು ಬುರುಡೆಗಿಂತ ಹೆಚ್ಚಾಗಿ ತಂತಿಗಳು ಕೂರುವ ಕುದುರೆಯಲ್ಲಿ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಮೇಲಿನ ಸ್ವರಾಂಶಗಳು ಕೇಳಿಸಬಾರದು ಎನ್ನುವುದು ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್ ಅವರ ಹಳೆಯ ನಿಯಮ. ನಮ್ಮ ತಂಬೂರಿಯಲ್ಲಿ, ವೀಣೆಯಲ್ಲಿ ಅವು ನಿಚ್ಚಳವಾಗಿ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಕಾರಣ, ಕುದುರೆಯ ಅಗಲವಾದ ಬಾಗು ಮೈ. ತಂತಿ ಕಂಪಿಸುವಾಗ ಆ ಬಾಗಿಗೆ ತಾಕುತ್ತ ಬಿಡುತ್ತ ಹೋಗುತ್ತದೆ. ತಂಬೂರಿಯಲ್ಲಿ ಅಡಿಗೆ ದಾರದೆಳೆ ಇಟ್ಟು ಆ ತಾಕುವ ಜಾಗವನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡುತ್ತೇವೆ.

ಮೃದಂಗ, ತಬಲಾದ ಚರ್ಮದ ನಡುವಿನ ಕಪ್ಪು ಲೇಪ, ಅಂದರೆ ಕರಣೆಯ ಬಗ್ಗೆ 1920ರಲ್ಲೇ ಶಿವಕಾಳಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ಅದನ್ನೇ ವಿಸ್ತಾರವಾಗಿ ಬರೆದರು. ಎರಡರ ತಾತ್ಪರ್ಯವೂ ಒಂದೇ ಕಡೆ ಹೋಗುತ್ತದೆ. ನಮ್ಮ ವಾದ್ಯಗಳ ವಿಶೇಷ ಗುಣ ತಂತಿ ಕೂರುವ ಜಾಗದಲ್ಲಿ, ಕೈ ಬೀಳುವ ಜಾಗದಲ್ಲಿ ಇದೆ. ಆದ್ದರಿಂದ ಬುರುಡೆಯನ್ನು ಧೈರ್ಯವಾಗಿ ಕಾರ್ಬನ್ ಮಾಡಿ.

ಮೇಣದ ಕೈ:
ಮೇಷ್ಟ್ರೇ, ರಾಮನ್ ಅವರ ಮಾತಿಗೆ ಕೈಮುಗಿಯುತ್ತೇನೆ. ಆದರೆ ಕುದುರೆಯೊಂದೇ ಸಾಕಾಗುವುದಾದರೆ ಬಾಗಿಲ ಹಲಗೆಗೆ ನಾಲ್ಕು ತಂತಿ ಕಟ್ಟಿ ಹಾಡಬಹುದಿತ್ತು. ಒಂದೇ ಕುದುರೆಯನ್ನು ಎರಡು ತಂಬೂರಿಗೆ ಬದಲಾಯಿಸಿ ಹಾಕಿ ನೋಡಿದ್ದೇನೆ. ಜವಾರಿಯ ಝೇಂಕಾರ ಎರಡರಲ್ಲೂ ಬಂತು. ಆದರೆ ಒಂದರಲ್ಲಿ ಖರ್ಜ (ಕೆಳಗಿನ ಷಡ್ಜ) ಹೊಟ್ಟೆಯಿಂದ ಎದ್ದು ಬಂತು, ಇನ್ನೊಂದರಲ್ಲಿ ಗಂಟಲಲ್ಲೇ ನಿಂತಿತು. ಆ ವ್ಯತ್ಯಾಸ ತಬಲಿಯದು ಮತ್ತು ಬುರುಡೆಯದು.

ನಾದಬಿಂದು:
ಒಪ್ಪಿದೆ. ‘ಹೆಚ್ಚಾಗಿ’ ಎಂದೆನೇ ಹೊರತು ‘ಕೇವಲ’ ಎನ್ನಲಿಲ್ಲ.

ಪಾಶ್ಚಾತ್ಯ ವಾದ್ಯದ ಒಂದು ಕಥೆ ಇದಕ್ಕೆ ಹೊಂದುತ್ತದೆ. ಬಾಸ್ಟನ್ ಸಿಂಫನಿಯಲ್ಲಿ ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುತ್ತಿದ್ದ ಲೂಯಿಸ್ ಲೆಗಿಯಾ ಅವರು ದೋಣಿ ನಡೆಸುವಾಗ ಅದರ ಫೈಬರ್ ಮೈಯಿಂದ ಏಳುವ ಗುಂಯ್‌ಗುಡುವ ನಾದ ಕೇಳಿ, ಈ ವಸ್ತುವಿನಲ್ಲಿ ಚೆಲ್ಲೊ ಮಾಡಿದರೆ ಹೇಗೆ ಎಂದು ಯೋಚಿಸಿದರು. ಮೊದಲ ಪ್ರಯತ್ನಗಳನ್ನು ಮನೆಯ ನೆಲಮಾಳಿಗೆಯಲ್ಲೇ ಮಾಡಿ, ಆಮೇಲೆ ದೋಣಿ ಕಟ್ಟುವ ಸ್ಟೀವ್ ಕ್ಲಾರ್ಕ್ ಅವರ ಜೊತೆ ಸೇರಿ ಪಕ್ಕಾ ಮಾಡಿದರು. ಹೆಸರಾಂತ ಚೆಲ್ಲೊ ವಾದಕ ಯೊ-ಯೊ ಮಾ ಅವರ ಬಳಿಯೂ ಆ ಚೆಲ್ಲೊ ಒಂದಿದೆ. ಅಂದರೆ ಹೊಸ ವಸ್ತು ತಂದವರು ಸಂಗೀತದ ಹೊರಗಿನವರಲ್ಲ, ದಿನಾ ವೇದಿಕೆಯಲ್ಲಿ ಕೂರುವವರು.

ಸಾಗರದ ಡೊಳ್ಳು:
ನೀವೆಲ್ಲ ಕೂತು ನುಡಿಸುವ ವಾದ್ಯದ ಮಾತಾಡುತ್ತಿದ್ದೀರಿ. ಕುಣಿಯುತ್ತ ಬಾರಿಸುವವರ ಕಡೆಯೂ ಒಂದು ಸಲ ನೋಡಿ. ನಾನು ಇಪ್ಪತ್ತು ವರ್ಷದಿಂದ ಡೊಳ್ಳು ಕುಣಿತದ ತಂಡದಲ್ಲಿದ್ದೇನೆ. ಮರದ ಡೊಳ್ಳು ಸೊಂಟಕ್ಕೆ ಬಿಗಿದು ಮೆರವಣಿಗೆಯಲ್ಲಿ ಎರಡು ತಾಸು ಕುಣಿದರೆ ಮರುದಿನ ಬೆಳಿಗ್ಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಆಗುವುದಿಲ್ಲ. ಹುಡುಗಿಯರ ತಂಡ ಕಟ್ಟಿದೆವು. ಹದಿನಾರು ವರ್ಷದ ಮಕ್ಕಳ ಸೊಂಟಕ್ಕೆ ಆ ಭಾರ ಕಟ್ಟುವಾಗ ನನಗೇ ಸಂಕಟವಾಗುತ್ತದೆ. ಹಗುರವಾದ ಡೊಳ್ಳು ನಮಗೆ ಶೋಕಿಯಲ್ಲ, ಬೆನ್ನುಮೂಳೆಯ ಪ್ರಶ್ನೆ.

ನಾದಬಿಂದು:
ಅಬ್ದುಲ್ ಕಲಾಂ ಅವರು ಕ್ಷಿಪಣಿಗೆ ಬಳಸುವ ಹಗುರ ವಸ್ತುವಿನಲ್ಲಿ ಪೋಲಿಯೊ ಮಕ್ಕಳ ಕಾಲಿಗೆ ಕ್ಯಾಲಿಪರ್ ಮಾಡಿಸಿದ್ದು ನೆನಪಾಯಿತು. ಮೂರು ಕಿಲೋಗೂ ಮೀರಿ ತೂಗುತ್ತಿದ್ದ ಲೋಹದ ಪಟ್ಟಿಯ ಬದಲು 300 ಗ್ರಾಂ. ಯುದ್ಧದ ವಸ್ತು ಮಕ್ಕಳ ಕಾಲಿಗೆ ಬರಬಹುದಾದರೆ ಡೊಳ್ಳಿಗೂ ಬರಲಿ.

ಎಳೆಪದರ:
ಮೇಷ್ಟ್ರ ಆಸೆ ನನಗೂ ಇದೆ, ಆದರೆ ಡೊಳ್ಳಿಗೆ ನಾನು ಕಾರ್ಬನ್ ಹೇಳುವುದಿಲ್ಲ. ಕಾರ್ಬನ್ ಪದರಕ್ಕೆ ಪೆಟ್ಟು ಬಿದ್ದರೆ ಹೊರಗೆ ಚುಕ್ಕೆಯಷ್ಟು ಗುರುತು, ಒಳಗೆ ಅಂಗೈಯಗಲ ಪದರ ಬಿಟ್ಟಿರುತ್ತದೆ. ವಿಮಾನದಲ್ಲಾದರೆ ಅದನ್ನು ಅಲ್ಟ್ರಾಸೌಂಡ್ ಹಾಕಿ ಹುಡುಕುತ್ತೇವೆ. ಡೊಳ್ಳು ಲಾರಿಯಿಂದ ಕೆಳಗೆ ಬೀಳುತ್ತದೆ, ಕಲ್ಲಿಗೆ ತಾಗುತ್ತದೆ. ಅದಕ್ಕೆ ಗಾಜಿನ ನಾರಿನ ಫೈಬರ್ ಮೇಲು. ಸ್ವಲ್ಪ ಭಾರ ಹೆಚ್ಚು, ಆದರೆ ಬಾಗಿ ತಾಳಿಕೊಳ್ಳುತ್ತದೆ, ದುಡ್ಡೂ ಬಹಳ ಕಡಿಮೆ. ಊರಿನಲ್ಲಿ ನೀರಿನ ತೊಟ್ಟಿ ರಿಪೇರಿ ಮಾಡುವವನೇ ಅದಕ್ಕೆ ತೇಪೆ ಹಾಕಬಲ್ಲ. ಎಲ್ಲದಕ್ಕೂ ಕಾರ್ಬನ್ ಎನ್ನುವುದು ಆ ವಸ್ತುವಿಗೂ ಮಾಡುವ ಅವಮಾನ.

ಗಾಂಧಿಬಜಾರಿನ ಕೇಳುಗ:
ಹಾಗಾದರೆ ನಮ್ಮ ಗಣೇಶನ ಮೆರವಣಿಗೆಯಲ್ಲಿ ಬರುವ ಫೈಬರ್ ತಮಟೆ ಕಾರ್ಬನ್ ಅಲ್ಲವೇ?

ಎಳೆಪದರ:
ಅಲ್ಲವೇ ಅಲ್ಲ. ಅದರ ಮುಖ ಪ್ಲಾಸ್ಟಿಕ್ ಹಾಳೆ, ಬಳೆ ಲೋಹದ್ದೋ ಗಾಜಿನ ನಾರಿನದೋ ಆಗಿರುತ್ತದೆ. ಕಪ್ಪು ಚೌಕಳಿಯ ಸ್ಟಿಕರ್ ಅಂಟಿಸಿ ಕಾರ್ಬನ್ ಎಂದು ಮಾರುವವರೂ ಇದ್ದಾರೆ, ಮೋಸ ಹೋಗಬೇಡಿ.

ಉಡುಪಿ ಮದ್ದಳೆ:
ಫೈಬರ್ ತಮಟೆಯ ಆ ಟಣಟಣ ಸದ್ದು ಕೇಳಿದರೆ ನನಗೆ ತಲೆ ಸಿಡಿಯುತ್ತದೆ. ಚರ್ಮವಾದ್ಯ ಎಂದು ಹೆಸರೇ ಇದೆ. ಚರ್ಮ ಹೋದ ಮೇಲೆ ವಾದ್ಯ ಎಲ್ಲಿ ಉಳಿಯಿತು? ಮದ್ದಳೆಯ ಮುಚ್ಚಿಗೆಗೆ (ಚರ್ಮದ ಮುಖಕ್ಕೆ) ಬೆರಳು ಬಿದ್ದಾಗ ಬರುವ ಆ ತಂಪು ನಾದವನ್ನು ಪ್ಲಾಸ್ಟಿಕ್ ಕೊಡಲಾರದು. ಪರಂಪರೆಯನ್ನು ಅನುಕೂಲಕ್ಕಾಗಿ ಮಾರಿಕೊಳ್ಳಬಾರದು.

ಹಲಗೆಮಾತು:
ಅಣ್ಣ, ನಾನು ಕೋಲಾರದ ಕಡೆಯವನು, ತಮಟೆ ಬಾರಿಸುವ ಮನೆಯಲ್ಲಿ ಹುಟ್ಟಿದವನು. ನಿಮ್ಮ ನಾದದ ಮಾತನ್ನು ಅಲ್ಲಗಳೆಯುವುದಿಲ್ಲ. ಬೆಂಕಿಗೆ ಹಿಡಿದು ಕಾಯಿಸಿದ ಚರ್ಮದ ತಮಟೆಯ ದನಿ ನನ್ನ ಎದೆಯಲ್ಲೂ ಇದೆ. ಆದರೆ ಆ ಚರ್ಮ ತಮಟೆಯ ಮೇಲೆ ತಾನಾಗಿ ಬಂದು ಕೂರುವುದಿಲ್ಲ. ನಮ್ಮ ತಾತ ಸುಣ್ಣದ ತೊಟ್ಟಿಯಲ್ಲಿ ಚರ್ಮ ನೆನೆಹಾಕಿ, ಕೂದಲು ಕೆರೆದು, ಗೂಟ ಹೊಡೆದು ಬಿಸಿಲಿಗೆ ಬಿಗಿಯುತ್ತಿದ್ದರು. ಅವರ ಕೈಯ ಬೆರಳ ಸಂದಿಗಳು ಸುಣ್ಣಕ್ಕೆ ಸುಟ್ಟು ಬಿಳುಪೇರಿದ್ದವು. ಆ ಕೈಯಲ್ಲಿ ಮುಟ್ಟಿದ ನೀರನ್ನು ಊರವರು ಕುಡಿಯುತ್ತಿರಲಿಲ್ಲ. ಅದೇ ಕೈ ಬಿಗಿದ ತಮಟೆ ಜಾತ್ರೆಗೆ ಮಾತ್ರ ಬೇಕಾಗಿತ್ತು.

ನಮ್ಮ ತಂಡದ ಹುಡುಗರು ಫೈಬರ್ ತಮಟೆ ಹಿಡಿದಾಗ ಅವರಿಗೆ ಅದು ಬರೀ ಅನುಕೂಲ ಅಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ವಾದ್ಯ, ಗಿಟಾರ್ ತಂದ ಹಾಗೆ. ಅದರಲ್ಲಿ ಅವರಿಗೊಂದು ಮರ್ಯಾದೆ ಇದೆ. ಚರ್ಮವೇ ಬೇಕು ಎನ್ನುವವರು ಆ ಕೆಲಸಕ್ಕೂ ಅದನ್ನು ಮಾಡುವವರಿಗೂ ಕೊಡಬೇಕಾದದ್ದನ್ನು ಮೊದಲು ಕೊಡಬೇಕು.

ಸಾಗರದ ಡೊಳ್ಳು:
ಹಲಗೆಮಾತು ಅವರೇ, ಎರಡು ಸಲ ಓದಿದೆ. ನಮ್ಮ ಡೊಳ್ಳಾಸುರನ ಕಥೆ ಗೊತ್ತಿರಬೇಕು ನಿಮಗೆ. ಶಿವನೇ ರಾಕ್ಷಸನ ಚರ್ಮ ತೆಗೆದು ಡೊಳ್ಳು ಕಟ್ಟಿದ ಎಂದು ಹಾಡುತ್ತೇವೆ. ದೇವರು ಮಾಡಿದರೆ ಹಾಡು, ಮನುಷ್ಯ ಮಾಡಿದರೆ ಮೈಲಿಗೆ ಎಂದು ಹೇಗಾಯಿತೋ.

ಉಡುಪಿ ಮದ್ದಳೆ:
ಹಲಗೆಮಾತು ಅವರೇ, ನನ್ನ ಮಾತು ಅವಸರದ್ದಾಯಿತು. ಮುಚ್ಚಿಗೆ ಕಟ್ಟಿ ಕೊಡುವವರ ಮನೆಯ ಒಳಗೆ ನಾನು ಒಂದು ದಿನವೂ ಕೂತು ಊಟ ಮಾಡಿದವನಲ್ಲ. ಅದು ನಿಜ, ಅದಕ್ಕೆ ನಾಚಿಕೆಯಿದೆ.

ನಾದದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಹಾಗೆಯೇ ಇದೆ. ಆದರೂ ಒಂದು ಒಪ್ಪಿಕೊಳ್ಳಬೇಕು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ನಾವು ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತೇವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುವಷ್ಟರಲ್ಲಿ ಮುಚ್ಚಿಗೆ ಇಳಿದುಹೋಗಿ ಶ್ರುತಿ ಒಂದು ಸ್ವರಸ್ಥಾನ ಕೆಳಗೆ. ಮನೆಯವರ ಒಲೆಯ ಮುಂದೆ ಮದ್ದಳೆ ಹಿಡಿದು ಕೂರಬೇಕು. ಮಳೆಗಾಲಕ್ಕೆ ಬೇರೆಯ ವಾದ್ಯ ಇಟ್ಟುಕೊಂಡರೆ ತಪ್ಪಿಲ್ಲ ಎಂದು ಈಗೀಗ ಅನ್ನಿಸುತ್ತಿದೆ.

ನಾದಬಿಂದು:
ಬೆಂಗಳೂರಿನ ಡಾ. ಕೆ. ವರದರಂಗನ್ ಅವರ ‘ಶ್ರೀ ಮೃದಂಗ’ವನ್ನು ಒಮ್ಮೆ ಕೇಳಿ. ಗಾಜಿನ ನಾರಿನ ಮೈ, ಚರ್ಮದ ಬದಲು ಕೃತಕ ಹಾಳೆಯ ಮುಚ್ಚಿಗೆ. ಎಂಜಿನಿಯರೂ ಹೌದು, ಮೃದಂಗ ಬಲ್ಲವರೂ ಹೌದು. ಪ್ರಾಣಿಯ ಚರ್ಮ ಬೇಡ ಎನ್ನುವ ಕಲಾವಿದರಿಗೆ ಅದೊಂದು ದಾರಿ. ರಾಡೆಲ್‌ನ ಜಿ. ರಾಜ್ ನಾರಾಯಣ್ ಅವರೂ ಹಾಗೆಯೇ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕರು, ಆಮೇಲೆ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಈ ಊರಿನಲ್ಲಿ ವಿಮಾನದವರೂ ಸಂಗೀತದವರೂ ಒಂದೇ ಬೀದಿಯಲ್ಲಿದ್ದಾರೆ.

ಗಾಂಧಿಬಜಾರಿನ ಕೇಳುಗ:
ನಮ್ಮ ತಾಯಿ ಆ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯನ್ನು ಮೂವತ್ತು ವರ್ಷ ಬಳಸಿದರು. ಅದು ಬಂದಾಗಲೂ ಇದೇ ಜಗಳ ಮನೆಯಲ್ಲಿ ನಡೆದಿತ್ತು.

ಹಿತ್ತಲ ಹಲಸು:
ಮರದ ಪರವಾಗಿ ಯಾರೂ ಮಾತಾಡುತ್ತಿಲ್ಲವಲ್ಲ. ನಮ್ಮ ಹಿತ್ತಲಿನಲ್ಲಿ ಎಪ್ಪತ್ತು ವರ್ಷದ ಹಲಸಿನ ಮರವಿದೆ. ಮೃದಂಗಕ್ಕೆ ಬೇಕು ಎಂದು ಇಬ್ಬರು ಬಂದು ಕೇಳಿದರು. ಅಮ್ಮ ಕೊಡಲಿಲ್ಲ. ಈ ವರ್ಷವೂ ಅದರ ಕಾಯಿಯಲ್ಲಿ ನಾನೂರು ಹಪ್ಪಳ ಒತ್ತಿದ್ದೇವೆ. ಹೊಸ ವಸ್ತುವಿನಿಂದ ಒಂದು ಮರ ಉಳಿದರೆ ನನ್ನ ಮತ ಅದಕ್ಕೇ. ಮೇಲೆ ಹೇಳಿದ ಮಾತು ಹಿಂದಕ್ಕೆ ತೆಗೆದುಕೊಂಡೆ.

ಸಿಂಗಪುರದಿಂದ:
ಹಪ್ಪಳಕ್ಕೆ ಯಾವ ಹದದ ಕಾಯಿ ತೆಗೆದುಕೊಳ್ಳುತ್ತೀರಿ? ಇಲ್ಲಿ ಡಬ್ಬಿಯಲ್ಲಿ ಸಿಗುವ ಎಳೆಯ ಗುಜ್ಜೆಯಲ್ಲಿ ಮಾಡಿದರೆ ಹರಿದು ಹೋಗುತ್ತದೆ.

ಹಿತ್ತಲ ಹಲಸು:
ಗುಜ್ಜೆ ಆಗದು. ಬಲಿತಿರಬೇಕು, ಹಣ್ಣಾಗಿರಬಾರದು. ತೊಳೆಯನ್ನು ಹಬೆಯಲ್ಲಿ ಬೇಯಿಸಿ ಬಿಸಿ ಇರುವಾಗಲೇ ರುಬ್ಬಿ.

ಮೇಣದ ಕೈ:
ಮರದ ಮಾತು ಬಂದದ್ದರಿಂದ ಹೊರದೇಶಕ್ಕೆ ವಾದ್ಯ ಒಯ್ಯುವವರಿಗೆ ಒಂದು ಸೂಚನೆ. ಬೀಟೆ ಮರದ ಜಾತಿಗಳನ್ನೆಲ್ಲ 2017ರ ಜನವರಿಯಿಂದ ಅಪಾಯದಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಪಟ್ಟಿಗೆ (ಸೈಟ್ಸ್) ಸೇರಿಸಿದ್ದರು, ಆಗ ಕಾಗದಪತ್ರಕ್ಕೆ ಬಹಳ ಜನ ಅಲೆದರು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಹಳೆಯ ವೀಣೆ, ತಂಬೂರಿಗಳಲ್ಲಿ ಆನೆದಂತದ ಪಟ್ಟಿ, ಜಿಂಕೆಯ ಕೊಂಬಿನ ಕುದುರೆ ಇದ್ದರೆ ಅದು ಬೇರೆಯೇ ಕಾನೂನು. ವಿಮಾನ ಹತ್ತುವ ಮೊದಲು ನೋಡಿಕೊಳ್ಳಿ.

ಮಾಳಮಡ್ಡಿಯವಳು:
ನನ್ನದು ಎಬೊನಿ ಕುದುರೆ, ಅಷ್ಟು ನೆಮ್ಮದಿ. ಎಲ್ಲರ ಮಾತನ್ನೂ ಓದಿದೆ. ಹಲಗೆಮಾತು ಅವರು ಬರೆದದ್ದನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಓದಿ ಹೇಳಿದೆ.

ಈಗ ನನ್ನ ಪ್ರಶ್ನೆ ಚಿಕ್ಕದಾಗಿದೆ. ಇಡೀ ತಂಬೂರಿ ಬೇಡ. ತಬಲಿ ಅದೇ ತೂನ್ ಮರದ್ದು, ದಂಡಿ ಅದೇ, ಕುದುರೆ ಅದೇ. ಬುರುಡೆ ಮಾತ್ರ ಕಾರ್ಬನ್. ಆಗುತ್ತದೆಯೇ?

ಎಳೆಪದರ:
ಅಕ್ಕ, ಇದು ನನಗೆ ತುಂಬಾ ಹಿಡಿಸಿತು. ತಂಬೂರಿಯ ಅಂಗಗಳಲ್ಲಿ ಕಾರ್ಬನ್‌ಗೆ ಹೇಳಿ ಮಾಡಿಸಿದ ಭಾಗ ಬುರುಡೆಯೇ. ಸೋರೆಬುರುಡೆ ಎಂದರೇನು? ಒಣಗಿದ ಮೇಲೆ ಹಗುರ, ಬಿಗಿ, ಎರಡು ದಿಕ್ಕಿಗೂ ಬಾಗಿದ ಚಿಪ್ಪು. ಬಾಗಿದ ಚಿಪ್ಪಿಗೆ ಆಕಾರದಿಂದಲೇ ಬಲ ಬರುತ್ತದೆ, ತೆಳುವಾಗಿ ಹಾಸಿದರೂ ನಿಲ್ಲುತ್ತದೆ. ತಬಲಿ ಮರದ್ದೇ ಇರುವುದರಿಂದ ಮರದ ಮೆದುತನವೂ ಉಳಿಯುತ್ತದೆ.

ತೊಂದರೆ ಇರುವುದು ಸೇರುವ ಅಂಚಿನಲ್ಲಿ. ನಿಮ್ಮ ಚಳಿಗಾಲದಲ್ಲಿ ತಬಲಿ ಅಡ್ಡಕ್ಕೆ ಕುಗ್ಗುತ್ತದೆ, ಕಾರ್ಬನ್ ಕದಲುವುದಿಲ್ಲ. ಮೊದಲು ಬುರುಡೆ ಬಿರಿಯುತ್ತಿತ್ತು, ಈಗ ತಬಲಿ ಬಿರಿಯಬಹುದು. ಆದ್ದರಿಂದ ಕಾರ್ಬನ್ ಅಂಚಿಗೆ ಒಳಗಿನಿಂದ ಮರದ ಪಟ್ಟಿ ಕೊಟ್ಟು, ತಬಲಿಯನ್ನು ಆ ಪಟ್ಟಿಗೆ ಸರೇಸಿನಿಂದ ಅಂಟಿಸಬೇಕು. ಎಳೆತ ಹೆಚ್ಚಾದರೆ ಅಂಟು ಬಿಡಲಿ, ಹಲಗೆ ಸೀಳುವುದು ಬೇಡ.

ಮೇಣದ ಕೈ:
ಸರೇಸು ಎಂದಿರಲ್ಲ, ನನಗೆ ಸಮಾಧಾನವಾಯಿತು. ಎಪಾಕ್ಸಿಯಲ್ಲಿ ಅಂಟಿಸಿದ ತಬಲಿಯನ್ನು ಮುಂದೆ ಯಾರೂ ಬಿಚ್ಚಲಾರರು. ಬಿಚ್ಚಲಾಗದ ವಾದ್ಯ ಒಂದೇ ತಲೆಮಾರಿನದು. ಬಿಸಿನೀರಿಗೆ ಬಿಡುವ ಅಂಟಾದರೆ ನಾಳೆ ಮಿರಜಿನವರೋ ನನ್ನ ಮಗನೋ ಬಿಚ್ಚಿ ಮತ್ತೆ ಕೂರಿಸಬಹುದು.

ಹಾಗೆಯೇ ಮಿರಜಿನವರನ್ನು ಬಿಟ್ಟು ಈ ಕೆಲ್ಸ ಮಾಡಬೇಡಿ. ಪಂಢರಪುರದ ಕಡೆಯಿಂದ ಬುರುಡೆ ತಂದು, ನೀರಿನಲ್ಲಿ ನೆನೆಸಿ, ಕೊಯ್ದು, ಒಳಗೆ ಕಡ್ಡಿ ಕೊಟ್ಟು ಒಣಗಿಸಿ ಆಕಾರಕ್ಕೆ ತರುವ ಕೈಗಳು ಅವು. ಅವರ ಸಿತಾರ್, ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಕಾರ್ಬನ್ ಬುರುಡೆ ಬಂದರೂ ದಂಡಿ ಕೂರಿಸುವುದು, ಜವಾರಿ ತೆಗೆಯುವುದು ಅವರ ಕೈಯಲ್ಲೇ ಆಗಲಿ, ಅದರ ಕೂಲಿ ಅವರಿಗೇ ಸಿಗಲಿ.

ಹಲಗೆಮಾತು:
ಮೇಣದ ಕೈಯವರ ಈ ಮಾತಿಗೆ ನನ್ನ ಒಪ್ಪಿಗೆ.

ಮಾಳಮಡ್ಡಿಯವಳು:
ಖರ್ಚು ಎಷ್ಟಾಗಬಹುದು?

ಎಳೆಪದರ:
ಬಟ್ಟೆ, ರಾಳಕ್ಕಿಂತ ಅಚ್ಚಿಗೇ ಹೆಚ್ಚು ಆಗುತ್ತದೆ. ಒಂದು ಬುರುಡೆಗಾಗಿ ಅಚ್ಚು ಮಾಡಿದರೆ ದುಬಾರಿ. ಹತ್ತು ಜನ ಸೇರಿದರೆ ಅದೇ ಅಚ್ಚಿನಲ್ಲಿ ಹತ್ತು ಬುರುಡೆ ತೆಗೆಯಬಹುದು. ಹೊರದೇಶದಲ್ಲಿರುವ ಹಾಡುಗಾರರು ಯಾರಾದರೂ ಇದ್ದರೆ ಇಲ್ಲೇ ಹೆಸರು ಕೊಡಿ. ಅಚ್ಚಿಗೆ ನಿಮ್ಮ ಬಿರಿದ ಬುರುಡೆಯೇ ಸಾಕು. ಬಿರುಕು ಮುಚ್ಚಿ, ಮೇಣ ಸವರಿ, ಅದರ ಮೇಲೆ ಪ್ಲಾಸ್ಟರ್ ಹಾಕಿ ಎರಡು ಹೋಳಾಗಿ ತೆಗೆಯುತ್ತೇನೆ.

ದಯವಿಟ್ಟು ಯಾರೂ ಮನೆಯ ಅಡುಗೆಕೋಣೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಕಾರ್ಬನ್ ಪದರವನ್ನು ಉಜ್ಜಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಸಿ ಎಪಾಕ್ಸಿ ಚರ್ಮಕ್ಕೆ ತುರಿಕೆ ತರುತ್ತದೆ. ಒಮ್ಮೆ ಹತ್ತಿದ ಅಲರ್ಜಿ ಬಿಡುವುದಿಲ್ಲ. ನನ್ನ ಜೊತೆಯವರೊಬ್ಬರು ಅದಕ್ಕಾಗಿಯೇ ಕೆಲಸ ಬಿಟ್ಟರು.

ಸಿಂಗಪುರದಿಂದ:
ನನ್ನದು ವೀಣೆಯಾದರೂ ಅದಕ್ಕೊಂದು ಸಣ್ಣ ಸೋರೆಬುರುಡೆ ಇದೆಯಲ್ಲ, ದಂಡಿಯ ಇನ್ನೊಂದು ತುದಿಗೆ. ಅದು ಒಡೆದು ಎರಡು ವರ್ಷವಾಯಿತು. ನನ್ನ ಹೆಸರೂ ಬರೆದುಕೊಳ್ಳಿ.

ಸಾಗರದ ಡೊಳ್ಳು:
ಎಳೆಪದರ ಅವರೇ, ಗಾಜಿನ ನಾರಿನ ಡೊಳ್ಳಿಗೆ ಅಳತೆ ಕಳಿಸಿದರೆ ನೋಡುತ್ತೀರಾ? ಮುಖಕ್ಕೆ ಮೇಕೆ ಚರ್ಮವೇ ಇರಲಿ, ಹಗ್ಗವೂ ಅದೇ ಇರಲಿ, ಮೈ ಮಾತ್ರ ಹಗುರವಾಗಲಿ. ಮೊದಲು ಹುಡುಗಿಯರ ತಂಡಕ್ಕೆ ಎರಡು ಬೇಕು.

ಎಳೆಪದರ:
ಕಳಿಸಿ. ಹಗ್ಗ ಬಿಗಿದಾಗ ಅಂಚಿನ ಮೇಲೆ ಬೀಳುವ ಎಳೆತ ಲೆಕ್ಕ ಹಾಕಬೇಕು, ಹಗ್ಗ ಎಷ್ಟು ಎಳೆ, ಎಷ್ಟು ಬಿಗಿ ಎನ್ನುವುದನ್ನೂ ಬರೆಯಿರಿ. ಶನಿವಾರ ಭಾನುವಾರ ನನಗೆ ಬಿಡುವಿದೆ.

ಮೇಣದ ಕೈ:
ಧಾರವಾಡದಮ್ಮ, ಬುರುಡೆ ಪಾರ್ಸೆಲ್ ಮಾಡುವ ಮೊದಲು ಒಂದು ಕೆಲಸ. ಬಿರುಕಿನಲ್ಲಿ ಗೋಡೆಯ ದಪ್ಪ ಎಷ್ಟಿದೆ ಎಂದು ಮೂರು ಕಡೆ ಅಳೆದು ಬರೆದಿಡಿ: ತಬಲಿಯ ಹತ್ತಿರ, ನಡುವೆ, ಬೆನ್ನಿನಲ್ಲಿ. ಮಿರಜಿನವರು ಅದನ್ನು ಎಲ್ಲ ಕಡೆ ಒಂದೇ ದಪ್ಪ ಇಟ್ಟಿರುವುದಿಲ್ಲ. ಒಳಗೆ ಎಲ್ಲಿ ಕೆರೆದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎನ್ನುವುದೇ ಅವರ ವಿದ್ಯೆ. ಹೊರಗಿನ ಆಕಾರ ಮಾತ್ರ ನಕಲು ಮಾಡಿದರೆ ಆ ವಿದ್ಯೆ ಬರುವುದಿಲ್ಲ.

ಮಾಳಮಡ್ಡಿಯವಳು:
ಮಗನ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯಲ್ಲಿ ಈಗಷ್ಟೇ ಅಳೆದೆ. ತಬಲಿಯ ಹತ್ತಿರ 9 ಮಿಲಿಮೀಟರ್, ನಡುವೆ 7, ಬೆನ್ನಿನ ಕಡೆ 5ಕ್ಕೂ ಸ್ವಲ್ಪ ಕಡಿಮೆ. ಟಾರ್ಚ್ ಬಿಟ್ಟು ನೋಡಿದರೆ ಬೆನ್ನಿನ ಒಳಮೈಯಲ್ಲಿ ಉಳಿಯಿಂದ ಕೆರೆದ ಗೀರುಗಳು ಬೀಸಣಿಗೆಯ ಹಾಗೆ ಹರಡಿವೆ, ಬಲಗಡೆಗಿಂತ ಎಡಗಡೆ ಹೆಚ್ಚು. ಇದನ್ನೂ ಫೋಟೊ ತೆಗೆದು ಕಳಿಸಲೇ?

ಮೇಣದ ಕೈ:
ಅದನ್ನೇ ಮೊದಲು ಕಳಿಸಿ.